ಆಯ್ತು ಅಂದರೆ ಆಯಿತೇ

ಚಾಮರಾಜಪೇಟೆಯ ಐದನೇ ಮೇನ್ ಹಿಂದಿನ ಗಲ್ಲಿಯಲ್ಲಿ ೧೯೮೬ರ ಸುಮಾರಿಗೆ ಯಾರನ್ನು ಕೇಳಿದರೂ ಈ ಸುದ್ದಿ ಸಿಗುತ್ತಿತ್ತು: ಕೊಳಾಯಿ ನೀರಿನ ವಾಲ್ವ್ ತಿರುಗಿಸುವ ಸೊಣ್ಣಪ್ಪನ ಮಗಳು ಗಂಗರತ್ನಮ್ಮ ಬಸವನಗುಡಿಯಲ್ಲಿ ಒಬ್ಬ ಕರ್ನಲ್ ಸಾಹೇಬರ ಜ್ಞಾಪಕಶಕ್ತಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಸುದ್ದಿಯ ಮೂಲ ಸ್ವತಃ ಸೊಣ್ಣಪ್ಪನೇ. ಕೆಲಸಕ್ಕೆ ಸೇರಿದ ದಿನ ಮಗಳು, “ಕರ್ನಲ್‌ದು ಮೆಮೊರಿ ಟೆಸ್ಟ್ ಮಾಡೋದಪ್ಪ” ಎಂದಿದ್ದಳು. ಉಳಿದದ್ದನ್ನು ಅವನೇ ತುಂಬಿಕೊಂಡಿದ್ದ.

“ಪಾಪ, ಲಡಾಯೀಲಿ ತಲೆಗೆ ಏಟು ಬಿತ್ತೇನೋ,” ಎಂದು ಎದುರುಮನೆಯ ಸುಬ್ಬಮ್ಮ ಮರುಗಿದಳು.

“ಏಟೋ ಏನೋ. ಯಾವ್ದು ಮೊದ್ಲು, ಯಾವ್ದು ಆಮೇಲೆ ಅನ್ನೋದೇ ಒಂದೊಂದ್ಸಲ ಅದಲುಬದಲಾಗತ್ತಂತೆ,” ಎಂದ ಸೊಣ್ಣಪ್ಪ.

ತಮಾಷೆಯೆಂದರೆ, ಆ ಮಿಲಿಟರಿ ಮನುಷ್ಯನೊಬ್ಬನನ್ನು ಕಳೆದರೆ ಸೊಣ್ಣಪ್ಪ ಹೇಳಿದ್ದೆಲ್ಲ ಅಕ್ಷರಶಃ ನಿಜ. ಕಂಪ್ಯೂಟರಿನೊಳಗೆ ಯಾರಿಗೆ ಯಾವಾಗ ಏನು ಕೊಡಬೇಕು, ಯಾರು ಕಾಯಬೇಕು ಎಂದು ನೋಡಿಕೊಳ್ಳುವ ಪಾರುಪತ್ತೇಗಾರನಂಥ ಪ್ರೋಗ್ರಾಮ್ ಒಂದಿರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ನೆಟ್ಟಕಲ್ಲಪ್ಪ ಸರ್ಕಲ್ ಹತ್ತಿರ ಹಳೇ ಮನೆಯೊಂದನ್ನು ಹಿಡಿದಿದ್ದ ಪಂಚಮುಖಿ ಕಂಪ್ಯೂಟರ್ಸ್ ಎಂಬ ಸಣ್ಣ ಕಂಪನಿ ಒಂದು ಯಂತ್ರವನ್ನು ತಾನೇ ಕಟ್ಟಿತ್ತು, ಅದರ ಕರ್ನಲನ್ನೂ ತಾನೇ ಬರೆದಿತ್ತು. ಕಂಪನಿಯ ಹೆಸರಿಗೆ ಐದು ಮುಖವಿದ್ದರೂ ಯಂತ್ರಕ್ಕೆ ಇದ್ದದ್ದು ಎರಡು ಮಿದುಳು. ಆ ಕಾಲಕ್ಕೆ ಅದೇ ದೊಡ್ಡ ಸಂಗತಿ. ಎರಡೂ ಮಿದುಳು ಒಂದೇ ನೆನಪಿನ ಉಗ್ರಾಣವನ್ನು ಹಂಚಿಕೊಂಡು ಕೆಲಸ ಮಾಡುತ್ತಿದ್ದವು. ಗಂಗರತ್ನಮ್ಮ ಅವುಗಳಿಗೆ ದೊಡ್ಡಕ್ಕ, ಚಿಕ್ಕಕ್ಕ ಎಂದು ಹೆಸರಿಟ್ಟಿದ್ದಳು.

ಅವಳ ಪರೀಕ್ಷೆ ಸರಳವಾಗಿತ್ತು. ಕರ್ನಲ್‌ನ ಅಪ್ಪಣೆಯಂತೆ ದೊಡ್ಡಕ್ಕ ಉಗ್ರಾಣದ ಒಂದು ಗೂಡಿನಲ್ಲಿ ಹೊಸ ಅಂಕಿ ಇಡಬೇಕು. ಇಟ್ಟಾದ ಮೇಲೆ ಇನ್ನೊಂದು ಗೂಡಿನಲ್ಲಿ ಬಾವುಟ ಏರಿಸಬೇಕು. ಬಾವುಟ ಕಂಡೊಡನೆ ಚಿಕ್ಕಕ್ಕ ಹೋಗಿ ಅಂಕಿ ಓದಿಕೊಳ್ಳಬೇಕು. ಬಾವುಟ ಏರಿದೆ ಎಂದಮೇಲೆ ಗೂಡಿನಲ್ಲಿ ಹೊಸ ಅಂಕಿಯೇ ಇರಬೇಕು ತಾನೆ? ಇರುತ್ತಿತ್ತು. ಆದರೆ ಕೋಟಿ ಸಲ ಓಡಿಸಿದರೆ ಮೂರು ಸಲ ಮಾತ್ರ ಬಾವುಟ ಮೇಲೆ ಹಾರಾಡುತ್ತಿತ್ತು, ಗೂಡಿನಲ್ಲಿ ಹಳೇ ಅಂಕಿಯೇ ಕೂತಿರುತ್ತಿತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ.

ಇದನ್ನು ಅವಳು ಮುಖ್ಯ ಇಂಜಿನಿಯರ್ ರೇವಣಸಿದ್ದಯ್ಯನ ಮುಂದೆ ಇಟ್ಟಳು. ಯಂತ್ರದ ನೆನಪಿನ ಬೋರ್ಡನ್ನು ಒಂದೊಂದು ತಂತಿಯ ಲೆಕ್ಕದಲ್ಲಿ ಬರೆದವನು ಅವನು. ಆ ಬೋರ್ಡನ್ನು ಅವನು ಹೆತ್ತ ಮಗುವಿಗಿಂತ ಒಂದು ಕೈ ಹೆಚ್ಚಾಗಿಯೇ ಮುದ್ದಿಸುತ್ತಿದ್ದ.

“ಕೋಟಿಗೆ ಮೂರು!” ಎಂದು ನಕ್ಕ. “ನೋಡಮ್ಮ, ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ನಿನ್ ಪ್ರೋಗ್ರಾಮ್ ಸರಿಮಾಡ್ಕೋ ಹೋಗು.”

“ನೂರು ಸಲ ನೋಡಿದೀನಿ ಸಾರ್. ನನ್ನದ್ರಲ್ಲಿ ತಪ್ಪಿಲ್ಲ.”

“ಹಂಗಾದ್ರೆ ನನ್ನ ಬೋರ್ಡಲ್ಲಿದೆಯಾ?”

ಇದಕ್ಕೆ ಹೌದು ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗಂಗರತ್ನಮ್ಮ ತನ್ನ ಮೇಜಿಗೆ ಮರಳಿದಳು. ಇದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ “ಇನ್ನೊಂದ್ಸಲ ನೋಡೋಣ” ಎನ್ನುತ್ತಿದ್ದನೋ ಏನೋ, ವಾಲ್ವ್‌ಮನ್ ಮಗಳು ಹೇಳಿದ್ದಕ್ಕೆ ಗಾದೆ ಬಂತು ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು. ನನ್ನನ್ನು ಕೇಳಿದರೆ, ಉರಿದದ್ದು ನ್ಯಾಯವೇ.

ಮೂರು ವಾರ ಅವಳು ಹೇಳುವುದು, ಅವನು ನಗುವುದು ನಡೆಯಿತು. ಕೊನೆಗೊಂದು ಶುಕ್ರವಾರ ರೇವಣಸಿದ್ದಯ್ಯನ ತಾಳ್ಮೆ ಹರಿಯಿತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಪರೀಕ್ಷಾ ಮಂಡಳಿಯ ಅಧಿಕಾರಿ ನಾರಾಯಣಪ್ಪ ಯಂತ್ರ ನೋಡಲು ಬರುವವನಿದ್ದ. ಅವನಿಗೆ ಒಪ್ಪಿಗೆಯಾದರೆ ಲಕ್ಷಾಂತರ ಮಕ್ಕಳ ಅಂಕಪಟ್ಟಿ ಈ ಯಂತ್ರದಲ್ಲೇ ತಯಾರಾಗುವುದು.

“ಸೋಮವಾರದೊಳಗೆ ನನ್ ಕಣ್ಣಿಗೆ ಕಾಣೋ ಹಂಗೆ ತಪ್ಪು ತೋರ್ಸು,” ಎಂದ. “ಇಲ್ದಿದ್ರೆ ಆ ಟೆಸ್ಟ್ ಪಟ್ಟಿಯಿಂದ ತೆಗೆದುಹಾಕ್ತೀನಿ. ನೀನು ಕೆಳಗಡೆ ಕೂತ್ಕೊಂಡು ಕೈಪಿಡಿ ಟೈಪ್ ಮಾಡು. ನಾನು ನಾಳೆ ನಾಡಿದ್ದು ತುಮಕೂರಲ್ಲಿರ್ತೀನಿ, ತಂಗಿ ಮಗಳ ಮದುವೆ.”

ಅಂದರೆ ತೋರಿಸು ಎಂದವನು ನೋಡುವುದಕ್ಕೇ ಇರುವುದಿಲ್ಲ. ಇದು ಯಾವ ಊರಿನ ನ್ಯಾಯವೋ ಕಾಣೆ.

ಕೈಪಿಡಿ ಟೈಪ್ ಮಾಡುವುದೇನೂ ಅವಮಾನವಲ್ಲ. ಆದರೆ ಗಂಗರತ್ನಮ್ಮ ಬಸ್ಸಿನಲ್ಲಿ ಮನೆಗೆ ಬರುವಾಗ ಯೋಚಿಸುತ್ತಿದ್ದದ್ದು ಬೇರೆ. ಬಾವುಟ ಮೊದಲು ಏರಿ ಅಂಕಿ ಆಮೇಲೆ ಬಂದರೆ ಏನಾಗುತ್ತದೆ? ಒಬ್ಬ ಹುಡುಗಿಯ ಹೆಸರಿನ ಮುಂದೆ ಅವಳ ಹಿಂದಿನ ನಂಬರಿನವಳ ಅಂಕ ಅಚ್ಚಾಗುತ್ತದೆ. ಕೋಟಿಗೆ ಮೂರೇ ಇರಬಹುದು. ಆ ಮೂರು ಮಕ್ಕಳಿಗೆ ಮಾತ್ರ ಅದು ನೂರಕ್ಕೆ ನೂರು. ತಾನು ಆ ಗಲ್ಲಿಯಿಂದ ಇಂಜಿನಿಯರಿಂಗ್ ಕಾಲೇಜಿಗೆ ನಡೆದು ಹೋದದ್ದು ಒಂದು ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎಂಬುದನ್ನು ಅವಳು ಮರೆತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತು, ಪೆನ್ಸಿಲ್ ಕಚ್ಚುತ್ತ ಬೋರ್ಡಿನ ನಕ್ಷೆಯನ್ನೇ ನೋಡುತ್ತಿದ್ದಳು. ಎಂದೂ ಅಲ್ಲಿ ಕೂರುವವಳಲ್ಲ. ಅಂದು ನಡುಮನೆಯಲ್ಲಿ ಸೊಣ್ಣಪ್ಪ ಪೇಪರನ್ನು ಹಾಸಿ ಅದರ ಮೇಲೆ ತಾನೂ ಹಾಸಿಕೊಂಡಿದ್ದ, ಜಾಗವಿರಲಿಲ್ಲ. ಒಳಗಿನಿಂದ ತಾಯಿ ಕಮಲಮ್ಮ ಎಂದಿನಂತೆ ಕೂಗಿದಳು: “ಬಡಿಸಾಯ್ತು, ಬನ್ನಿ!”

ಗಂಗರತ್ನಮ್ಮ ಒಂದೇ ಹೆಜ್ಜೆಗೆ ಒಳಗೆ ಬಂದಳು. ತಟ್ಟೆ ಖಾಲಿ. ಮುದ್ದೆ ಇನ್ನೂ ಪಾತ್ರೆಯೊಳಗೆ ಕೋಲಿನ ಹಿಡಿತದಲ್ಲಿತ್ತು.

“ಎಲ್ಲಮ್ಮಾ? ಬಡಿಸಾಯ್ತು ಅಂದೆ?”

“ಅಯ್ಯ, ಆಯ್ತು ಅಂದ್ರೆ ಆಗೋಯ್ತೇನೇ?” ಎಂದಳು ಕಮಲಮ್ಮ, ಮುದ್ದೆ ತೊಳಸುತ್ತ. “ನಿಮ್ಮಪ್ಪ ಪೇಪರ್ ಮಡಚಿ, ಕೈಕಾಲು ತೊಳ್ಕೊಂಡು ಬರೋಷ್ಟ್ರಲ್ಲಿ ಆಗಿರತ್ತೆ ಅಂತ. ನಿಂಗ್ಯಾರು ಬಾಗಿಲಲ್ಲೇ ಕೂತಿರು ಅಂದೋರು?”

ಅಷ್ಟರಲ್ಲಿ ಸೊಣ್ಣಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಆ ಹೊತ್ತಿಗೆ ತಟ್ಟೆಯಲ್ಲಿ ಮುದ್ದೆ ಹೊಗೆಯಾಡುತ್ತಿತ್ತು, ಪಕ್ಕದಲ್ಲಿ ಬಸ್ಸಾರು. ಮೂವತ್ತು ವರ್ಷದಿಂದ ಅವನು, ತನ್ನ ಹೆಂಡತಿ ಬಡಿಸಿಯೇ ಕೂಗುವವಳು ಎಂದು ನಂಬಿ ಬಾಳಿದ್ದ. ನಿಧಾನವಾಗಿ ಏಳುವವನಿಗೆ ಸುಳ್ಳು ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಗಂಗರತ್ನಮ್ಮ ತುತ್ತು ಮುರಿದವಳು ಬಾಯಿಗಿಡದೆ ಕೂತುಬಿಟ್ಟಳು. ರೇವಣಸಿದ್ದಯ್ಯನ ಬೋರ್ಡಿನಲ್ಲಿ ಇದ್ದದ್ದೂ ಇದೇ ಅಲ್ಲವೇ? ಮಿದುಳು ಚುರುಕು, ಉಗ್ರಾಣ ನಿಧಾನ. ಮಿದುಳು ಸುಮ್ಮನೆ ಕಾಯಬಾರದೆಂದು ಅವನು ನಡುವೆ ಒಂದು ಜಗಲಿ ಕಟ್ಟಿದ್ದ. ದೊಡ್ಡಕ್ಕ ತಂದದ್ದನ್ನು ಜಗಲಿಯ ಮೇಲಿಟ್ಟರೆ ಸಾಕು, ಬೋರ್ಡು “ಆಯ್ತು” ಎನ್ನುತ್ತಿತ್ತು. ಜಗಲಿಯಿಂದ ಉಗ್ರಾಣಕ್ಕೆ ಎರಡು ಬಾಗಿಲು. ಅಂಕಿ ಹೋಗಬೇಕಾದ ಬಾಗಿಲಲ್ಲಿ ನೂಕುನುಗ್ಗಲಿದ್ದು, ಬಾವುಟ ಹೋಗುವ ಬಾಗಿಲು ಖಾಲಿಯಿದ್ದರೆ? ಹಿಂದೆ ಬಂದ ಬಾವುಟ ಮುಂದೆ ಹೋಗುತ್ತದೆ. ಆದರೂ ಅದು ಸಿಕ್ಕಿಬೀಳುವುದಿಲ್ಲ, ಏಕೆಂದರೆ ತನ್ನ ಪರೀಕ್ಷೆಯಲ್ಲಿ ಚಿಕ್ಕಕ್ಕ ಸೊಣ್ಣಪ್ಪನ ಹಾಗೆ ಪೇಪರ್ ಮಡಚಿ, ಕೈಕಾಲು ತೊಳೆದು ಬರುತ್ತಿದ್ದಾಳೆ.

“ಚಿಕ್ಕಕ್ಕನ್ನ ಬಾಗಿಲಲ್ಲೇ ಕೂರಿಸ್ಬೇಕು!” ಎಂದಳು ಗಟ್ಟಿಯಾಗಿ.

“ಯಾವ ಚಿಕ್ಕಕ್ಕ?” ಎಂದ ಸೊಣ್ಣಪ್ಪ. “ಕರ್ನಲ್ ಸಾಹೇಬ್ರ ಹೆಂಡ್ತಿನಾ?”

ಮುದ್ದೆ ಮುಗಿಸದೆ ಏಳಲು ಕಮಲಮ್ಮ ಬಿಡಲಿಲ್ಲ. ಮುಗಿಸಿ ಓಡಿದಳು. ಶನಿವಾರ ಕಚೇರಿಯಲ್ಲಿ ಇದ್ದವನು ಯಂತ್ರದ ಆಪರೇಟರ್ ಮಾಯಣ್ಣ ಒಬ್ಬನೇ. ನಲವತ್ತು ದಾಟಿದ, ಎಲೆಯಡಿಕೆ ಮೆಲ್ಲುವ, ಯಾರ ಮಾತಿಗೂ ಇಲ್ಲ ಎನ್ನದ ಸಾಧು. ಗಂಗರತ್ನಮ್ಮ ಪರೀಕ್ಷೆಯನ್ನು ಬದಲಿಸಿದಳು. ಅಂಕಿ ಹೋಗುವ ಬಾಗಿಲಿಗೆ ಬೇಕೆಂದೇ ಬೇರೆ ಸಾಮಾನುಗಳ ರಾಶಿ ಸುರಿಸಿದಳು. ಬಾವುಟದ ಬಾಗಿಲನ್ನು ಖಾಲಿ ಬಿಟ್ಟಳು. ಚಿಕ್ಕಕ್ಕನಿಗೆ ಬೇರೇನೂ ಕೆಲಸ ಕೊಡದೆ, ಕಣ್ಣು ಮಿಟುಕಿಸದೆ ಬಾವುಟವನ್ನೇ ನೋಡುತ್ತಿರು ಎಂದಳು. ಓಡಿಸಿದಳು.

ನೂರಕ್ಕೆ ಏಳು ತಪ್ಪು.

ಇನ್ನೊಮ್ಮೆ ಓಡಿಸಿದಳು. ನೂರಕ್ಕೆ ಏಳು. ಅವಳಿಗೆ ಕುಣಿಯಬೇಕೆನ್ನಿಸಿತು, ನೆಲ ಹೇಗಾದರೂ ಇರಲಿ. ಮಾಯಣ್ಣನೇ ಗಾಬರಿಯಾಗಿ, “ಏನಮ್ಮ, ಇಷ್ಟೊಂದು ತಪ್ಪು ಬಂದಿದೆ, ನಗ್ತಿದೀರಲ್ಲ?” ಎಂದು ಕೇಳಿದ.

ಪರಿಹಾರವೂ ಹತ್ತಿರದಲ್ಲೇ ಇತ್ತು. ಜಗಲಿ ಪೂರ್ತಿ ಖಾಲಿಯಾಗುವವರೆಗೂ ನಿಲ್ಲು ಎನ್ನುವ ಅಪ್ಪಣೆಯೊಂದು ಬೋರ್ಡಿನಲ್ಲಿತ್ತು, ಯಾರೂ ಬಳಸಿರಲಿಲ್ಲ. ಕರ್ನಲ್‌ನಲ್ಲಿ ಬಾವುಟ ಏರಿಸುವ ಮುಂಚೆ ಆ ಒಂದು ಸಾಲು ಸೇರಿಸಿದರೆ ಸಾಕು. ಅವಳು ಆ ಸಾಲನ್ನು ಹಾಳೆಯಲ್ಲಿ ಬರೆದಿಟ್ಟಳು. ಆದರೆ ಮುಖ್ಯ ಇಂಜಿನಿಯರ್ ಒಪ್ಪದೆ ಕರ್ನಲನ್ನು ಮುಟ್ಟುವಂತಿರಲಿಲ್ಲ.

ಭಾನುವಾರ ಬಟ್ಟೆ ಒಗೆಯುತ್ತ ಕೂತಾಗ ಇನ್ನೊಂದು ಸಂಕಟ ಹೊಳೆಯಿತು. ಸೋಮವಾರ ಆ ಸಾಲು ಸೇರಿಸಿದರೆ ಪರೀಕ್ಷೆಯಲ್ಲಿ ತಪ್ಪು ಸೊನ್ನೆ. ಸೊನ್ನೆಯನ್ನು ಯಾರಿಗೆ ತೋರಿಸುವುದು? ನಾನ್ ಹೇಳ್ಲಿಲ್ವಾ, ಏನೂ ಇರ್ಲಿಲ್ಲ ಎಂದು ರೇವಣಸಿದ್ದಯ್ಯ ನಗುತ್ತಾನೆ, ತಾನು ಕೈಪಿಡಿ ಟೈಪ್ ಮಾಡುತ್ತೇನೆ. ಸೇರಿಸದೆ ಬಿಟ್ಟರೆ ಅಧಿಕಾರಿಯ ಎದುರೇ ನೂರಕ್ಕೆ ಏಳು ಬರುತ್ತದೆ, ತನ್ನ ಮಾತು ಗೆಲ್ಲುತ್ತದೆ, ಕಂಪನಿಯ ಮಾನ ಬೀದಿಗೆ ಬೀಳುತ್ತದೆ. ಬಿಟ್ಟುಬಿಡಲೇ ಎಂದು ಮನಸ್ಸು ಒಂದು ಗಳಿಗೆ ಮಂಗನಂತೆ ಜಿಗಿಯಿತು. ಸುಳ್ಳೇಕೆ, ಎರಡು ಗಳಿಗೆ ಜಿಗಿಯಿತು. ಕೊನೆಗೆ ಅಪ್ಪನ ಖಾಕಿ ಪ್ಯಾಂಟನ್ನು ಕಲ್ಲಿಗೆ ಬಲವಾಗಿ ಬಡಿದು, ತಪ್ಪು ಗೊತ್ತಿದ್ದೂ ಇಟ್ಟುಕೊಳ್ಳುವುದು ತನ್ನ ಕೈಲಾಗದು ಎಂದು ತೀರ್ಮಾನಿಸಿದಳು. ಆ ಪ್ಯಾಂಟಿಗೆ ಒಂದು ಗುಂಡಿ ನಷ್ಟವಾಯಿತು.

ಸೋಮವಾರ ಒಂಬತ್ತೂವರೆಗೆ ರೇವಣಸಿದ್ದಯ್ಯ ಮದುವೆಮನೆಯ ನಿದ್ದೆಗಣ್ಣಿನಲ್ಲಿ ಬಂದ. ಅವಳು ಶನಿವಾರದ ಫಲಿತಾಂಶದ ಹಾಳೆ ಮುಂದೆ ಹಿಡಿದಳು. ಅವನು ನೋಡಲಿಲ್ಲ.

“ಕಾಗದದ ಮೇಲೆ ಯಾರು ಬೇಕಾದ್ರೂ ಏನ್ ಬೇಕಾದ್ರೂ ಅಚ್ಚು ಹಾಕ್ಬಹುದು. ಈಗ ಪುರಸೊತ್ತಿಲ್ಲಮ್ಮ.”

“ಒಂದೇ ಸಾಲು ಸಾರ್, ಕರ್ನಲ್‌ಗೆ ಸೇರಿಸ್ಬಿಡ್ತೀನಿ. ತಪ್ಪು ಹೋಗತ್ತೆ.”

“ಇಲ್ದೇ ಇರೋದು ಹೋಗೋದೆಲ್ಲಿಗೆ? ಸೇರಿಸ್ಕೋ ಹೋಗು, ನಷ್ಟ ಏನಿಲ್ಲ. ಆಮೇಲೆ ಸೊನ್ನೆ ಬಂದ್ರೆ ನನ್ನಿಂದಾನೇ ಸೊನ್ನೆ ಬಂತು ಅಂತ ಬರ್ಬೇಡ.”

ಅವಳು ಆ ಸಾಲು ಬರೆದಿಟ್ಟಿದ್ದ ಹಾಳೆಯನ್ನು ಮಾಯಣ್ಣನ ಕೈಗೆ ಕೊಟ್ಟಳು. “ಮಾಯಣ್ಣ, ಈ ಸಾಲು ಸೇರಿಸಿ ಹೊಸ ಕರ್ನಲ್ ಹಾಕ್ಬಿಡಿ. ಹನ್ನೊಂದಕ್ಕೆ ಅವ್ರು ಬರ್ತಾರೆ.”

“ಆಯ್ತಮ್ಮ,” ಎಂದ ಮಾಯಣ್ಣ.

ಅಷ್ಟರಲ್ಲಿ ರೇವಣಸಿದ್ದಯ್ಯ ಅವಳನ್ನು ಮೇಲಕ್ಕೆ ಕರೆದು ಗೋಡೆಗೆ ಚಾರ್ಟು ಅಂಟಿಸಲು ನಿಲ್ಲಿಸಿದ. ಹತ್ತೂ ಮುಕ್ಕಾಲಿಗೆ ಅವಳು ಮೆಟ್ಟಿಲ ಮೇಲಿಂದಲೇ ಬಗ್ಗಿ, “ಮಾಯಣ್ಣ, ಕರ್ನಲ್ದು?” ಎಂದಳು. “ಆಯ್ತಮ್ಮ ಆಯ್ತು!” ಎಂದು ಕೆಳಗಿನಿಂದ ದನಿ ಬಂತು. ಎರಡು ದಿನದ ಹಿಂದೆ ಖಾಲಿ ತಟ್ಟೆಯ ಮುಂದೆ ಕೂತಿದ್ದ ಹುಡುಗಿ, ಆ ಪದದಿಂದಲೇ ಯಂತ್ರದ ರೋಗ ಹಿಡಿದ ಹುಡುಗಿ, ಅದನ್ನು ನಂಬಿಬಿಟ್ಟಳು. ಏನು ಮಾಡುವುದು, ಹುಟ್ಟಿದಾಗಿನಿಂದ ಕೇಳಿದ ಮಾತು.

ನಾರಾಯಣಪ್ಪ ಸರಿಯಾಗಿ ಹನ್ನೊಂದಕ್ಕೆ ಬಂದ. ಸಣಕಲು ಮನುಷ್ಯ, ಕಾಫಿ ಬೇಡ ಎಂದ, ಅಲ್ಲಿಗೇ ಎಲ್ಲರಿಗೂ ಅರ್ಧ ಜೀವ ಹೋಯಿತು. ಹನ್ನೆರಡು ಪರೀಕ್ಷೆಗಳು ಒಂದಾದ ಮೇಲೊಂದು ಓಡಿದವು, ಎಲ್ಲದರಲ್ಲೂ ತಪ್ಪು ಸೊನ್ನೆ. ರೇವಣಸಿದ್ದಯ್ಯನ ಮುಖ ಮದುಮಗನ ಹಾಗಾಗಿತ್ತು.

“ಇದೊಂದು ಉಳಿದಿದೆಯಲ್ಲ?” ಎಂದ ನಾರಾಯಣಪ್ಪ, ಪಟ್ಟಿಯ ಕೊನೆಗೆ ಬೆರಳಿಟ್ಟು. ಮದುವೆಯ ಗಡಿಬಿಡಿಯಲ್ಲಿ ರೇವಣಸಿದ್ದಯ್ಯ ಅದನ್ನು ತೆಗೆದುಹಾಕಲು ಮರೆತಿದ್ದ.

“ಅದೇನಿಲ್ಲ ಸಾರ್, ಸುಮ್ನೆ ಒಂದು. ಓಡಿಸಮ್ಮ.”

ಗಂಗರತ್ನಮ್ಮ ಓಡಿಸಿದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ನೂರಕ್ಕೆ ಏಳು.

ಅವಳು ಪರದೆಯ ಹತ್ತಿರಕ್ಕೆ ಬಗ್ಗಿದಳು. ಸಾಲು ಸೇರಿಸಿದ ಮೇಲೂ ತಪ್ಪು ಬಂತೆಂದರೆ? ಹಾಗಾದರೆ ತನ್ನ ಪರೀಕ್ಷೆಯೇ ತಪ್ಪು, ರೇವಣಸಿದ್ದಯ್ಯ ಮೂರು ವಾರದಿಂದ ಹೇಳಿದ್ದೇ ಸರಿ.

“ಇದು ಯಾರ ತಪ್ಪು?” ಎಂದ ನಾರಾಯಣಪ್ಪ. “ಮೆಷಿನ್ದಾ, ಟೆಸ್ಟ್‌ದಾ?”

ರೇವಣಸಿದ್ದಯ್ಯ ಅವಳನ್ನು ನೋಡಿದ. ಆ ನೋಟ ಏನು ಕೇಳುತ್ತಿದೆಯೆಂದು ಅವಳಿಗೆ ಅರ್ಥವಾಯಿತು. ಟೆಸ್ಟ್‌ದು ಎಂದು ಒಂದು ಮಾತು ಅಂದರೆ ಎಲ್ಲರೂ ಬಚಾವು. ಅವಳೊಬ್ಬಳು ಕೆಳಗಿಳಿದು ಟೈಪ್‌ರೈಟರ್ ಮುಂದೆ ಕೂರಬೇಕು, ಅಷ್ಟೆ. ಅವಳು ಇಡೀ ಪರೀಕ್ಷೆಯನ್ನು ಮನಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. ಎಲ್ಲೂ ತಪ್ಪಿರಲಿಲ್ಲ.

“ಟೆಸ್ಟ್ ಸರಿಯಾಗಿದೆ ಸಾರ್,” ಎಂದಳು.

ಆಗ ಬಾಗಿಲಲ್ಲಿ ಮಾಯಣ್ಣ ಕಾಣಿಸಿಕೊಂಡ. ಒಂದು ಕೈಯಲ್ಲಿ ಟೇಪಿನ ಸುರುಳಿ, ಬಾಯಲ್ಲಿ ಎಲೆಯಡಿಕೆ. “ಅಮ್ಮ, ಹೊಸ ಕರ್ನಲ್ ರೆಡಿಯಾಯ್ತು. ಈಗ ಹಾಕ್ಲಾ?”

“ಈಗ್ಲಾ? ಆವಾಗ್ಲೇ ಆಯ್ತು ಅಂದ್ರಲ್ಲ ಮಾಯಣ್ಣ! ಎರಡು ಸಲ ಅಂದ್ರಿ!”

“ಹೂಂ, ಅಂದೆ. ಮೊದಲ್ನೇದು ಮಾಡ್ತೀನಿ ಅಂತ ಆಯ್ತು. ಎರಡ್ನೇದು ಮಾಡ್ತಾ ಇದೀನಿ, ತಲೆ ತಿನ್ಬೇಡಿ ಅಂತ ಆಯ್ತು.” ಮಾಯಣ್ಣನ ಮುಖದಲ್ಲಿ ಪ್ರಾಮಾಣಿಕವಾದ ಆಶ್ಚರ್ಯವಿತ್ತು. “ಆಗೋಗಿದೆ ಅಂತ ಯಾವಾಗಂದೆ?”

ಗಂಗರತ್ನಮ್ಮನಿಗೆ ನಗು ತಡೆಯಲಾಗಲಿಲ್ಲ. ಅಧಿಕಾರಿ, ಮುಖ್ಯ ಇಂಜಿನಿಯರ್ ಯಾರನ್ನೂ ಲೆಕ್ಕಿಸದೆ ನಕ್ಕಳು. “ಸಾರ್,” ಎಂದಳು ನಾರಾಯಣಪ್ಪನ ಕಡೆ ತಿರುಗಿ, “ನಮ್ಮ ಮೆಷಿನ್‌ಗೂ ಇದೇ ಕಾಯಿಲೆ. ಕೆಲಸ ಒಪ್ಕೊಂಡಾಗ್ಲೇ ಆಯ್ತು ಅನ್ನತ್ತೆ. ಕೇಳಿದೋರು ಮುಗಿದೇ ಹೋಯ್ತು ಅಂದ್ಕೊಂಡು ಹೋಗಿ ನೋಡಿದ್ರೆ ಹಳೇ ಅಂಕಿ ಇರತ್ತೆ. ಒಬ್ಬ ಹುಡುಗನ ಹೆಸರಿಗೆ ಇನ್ನೊಬ್ಬನ ಅಂಕ ಬೀಳತ್ತೆ. ಮಾಯಣ್ಣ ತಂದಿರೋ ಟೇಪಲ್ಲಿ ಒಂದೇ ಒಂದು ಸಾಲು ಜಾಸ್ತಿ ಇದೆ, ನಿಜವಾಗ್ಲೂ ಮುಗಿಯೋವರ್ಗೂ ಕಾಯಿ ಅಂತ. ಹಾಕಿ ತೋರಿಸ್ಲಾ?”

“ತೋರ್ಸಿ,” ಎಂದ ನಾರಾಯಣಪ್ಪ. ಒಂದು ಕ್ಷಣ ಬಿಟ್ಟು, “ಕಾಫಿ ತರಿಸಿ,” ಎಂದ.

ಹತ್ತು ನಿಮಿಷದಲ್ಲಿ ಹೊಸ ಕರ್ನಲ್ ಏರಿತು. ಅದೇ ಪರೀಕ್ಷೆ, ಅಕ್ಷರ ಬದಲಿಲ್ಲ. ನೂರಕ್ಕೆ ಸೊನ್ನೆ. ಲಕ್ಷಕ್ಕೆ ಓಡಿಸಿದಳು, ಸೊನ್ನೆ. ಹತ್ತು ಲಕ್ಷಕ್ಕೆ ನಾರಾಯಣಪ್ಪನೇ ಗುಂಡಿ ಒತ್ತಿದ, ಸೊನ್ನೆ. ಮಾಯಣ್ಣ ಬೆಳಿಗ್ಗೆಯೇ ಕೆಲಸ ಮುಗಿಸಿದ್ದರೆ ಬರೀ ಈ ಸೊನ್ನೆ ಕಾಣಿಸುತ್ತಿತ್ತು, ಸೊನ್ನೆಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಏಳನ್ನು ನೋಡಿದ ಕಣ್ಣಿಗೆ ಮಾತ್ರ ಸೊನ್ನೆ ಏನೆಂದು ಗೊತ್ತು.

ನಾರಾಯಣಪ್ಪ ಕಾಫಿ ಲೋಟ ಕೆಳಗಿಟ್ಟು ರೇವಣಸಿದ್ದಯ್ಯನನ್ನು ಕೇಳಿದ: “ಈ ತಪ್ಪಿದೆ ಅಂತ ನಿಮಗೆ ಮುಂಚೆ ಗೊತ್ತಿತ್ತಾ?”

ಈಗ ಅವನು ಏನು ಬೇಕಾದರೂ ಹೇಳಬಹುದಿತ್ತು. ಗೊತ್ತಿತ್ತು, ನಾನೇ ಸರಿಮಾಡಿಸಿದೆ ಎಂದರೂ ಅಲ್ಲ ಎನ್ನುವವರಿರಲಿಲ್ಲ. ರೇವಣಸಿದ್ದಯ್ಯ ಕನ್ನಡಕ ತೆಗೆದ, ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ.

“ಇಲ್ಲ ಸಾರ್. ಇವ್ರಿಗೆ ಗೊತ್ತಿತ್ತು. ಮೂರು ವಾರದಿಂದ ಹೇಳ್ತಾನೇ ಇದ್ರು. ಬೋರ್ಡು ನಂದು. ಅದಕ್ಕೇ ನನಗೆ ಕೇಳಿಸ್ಲಿಲ್ಲ.”

ಒಳ್ಳೆಯ ಮನುಷ್ಯ ಎಂದು ನಾನು ಅವನನ್ನು ಹೊಗಳಲು ಹೋಗುವುದಿಲ್ಲ. ಮೂರು ವಾರ ಆ ಹುಡುಗಿಯ ಹೊಟ್ಟೆ ಉರಿಸಿದವನು. ಆದರೆ ಆ ಮಾತು ಹೇಳಲು ಎಷ್ಟು ಕಷ್ಟವಾಯಿತೆಂದು ಅವನ ಕಿವಿ ನೋಡಿದವರಿಗೆ ಗೊತ್ತಾಗುತ್ತಿತ್ತು, ಕೆಂಪಗೆ ಕಾದಿದ್ದವು.

ನಾರಾಯಣಪ್ಪ ತಿಂಗಳು ಬಿಟ್ಟು ಬರುವುದಾಗಿ ಹೇಳಿದ. ಬಂದಾಗ ಪಟ್ಟಿಯ ಕೊನೆಯ ಪರೀಕ್ಷೆ ಮೊದಲನೆಯದಾಗಿರಬೇಕು, ಓಡಿಸುವವರು ಇವರೇ ಆಗಿರಬೇಕು ಎಂದ, ಗಂಗರತ್ನಮ್ಮನ ಕಡೆ ನೋಡಿ. ಅವನ ಜೀಪು ಹೋದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಗಂಗರತ್ನಮ್ಮ ತನ್ನ ಮೇಜಿಗೆ ಬಂದು ಕೂತಳು. ಇಂಥದೊಂದು ಗಳಿಗೆ ಬಂದರೆ ಏನೇನು ಅನ್ನಬೇಕೆಂದು ಅವಳು ಮೂರು ವಾರದಿಂದ ಬಸ್ಸಿನಲ್ಲಿ ಪಾಠ ಮಾಡಿಕೊಂಡಿದ್ದಳು. ಈಗ ಒಂದೂ ನೆನಪಾಗಲಿಲ್ಲ.

ಎದುರಿಗೆ ರೇವಣಸಿದ್ದಯ್ಯ ಬಂದು ನಿಂತ. ಕೈಯಲ್ಲಿ ಒಂದು ದೊಡ್ಡ ನಕ್ಷೆಯ ಸುರುಳಿ.

“ಹೊಸ ಬೋರ್ಡಿನ ನಕ್ಷೆ ಇದು,” ಎಂದ. “ಯಾರಿಗೂ ತೋರಿಸಿಲ್ಲ. ಮಾಡೋಕೆ ಕೊಡೋ ಮುಂಚೆ ನೀವೊಂದ್ಸಲ ನೋಡ್ಬಿಡಿ.”

ಅವಳು ಸುರುಳಿ ಬಿಚ್ಚಿದಳು. ಮೂಲೆಗಳು ಮಡಚಿಕೊಳ್ಳದಂತೆ ಎರಡು ಪುಸ್ತಕ ಇಟ್ಟಳು. ಪೆನ್ಸಿಲ್ ಹಿಡಿದು ಎಡಗಡೆಯಿಂದ ಒಂದೊಂದೇ ಗೆರೆಯ ಹಿಂದೆ ಹೋದಳು. ಕಾಲು ಗಂಟೆ ಕಳೆದಿತ್ತು, ಅವನು ನಿಂತೇ ಇದ್ದ.

“ಸಾರ್,” ಎಂದಳು, “ಇಲ್ಲೊಂದು ಅನುಮಾನ ಇದೆ.”

ರೇವಣಸಿದ್ದಯ್ಯ ಪಕ್ಕದ ಕುರ್ಚಿಯನ್ನು ಅವಳ ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತ. “ಎಲ್ಲಿ, ತೋರ್ಸಿ,” ಎಂದ.